ಸಂಡೂರಿನ ಪದರಗಲ್ಲು: ಜೀವಿಯ ಹೆಸರು ಹೇಳಬಹುದೇ?

ಪ್ರಶ್ನೆ: ಸಂಡೂರಿನ ಕಲ್ಲುಗಳಲ್ಲಿ ಆದಿಮ ಸೂಕ್ಷ್ಮಜೀವಿಗಳ ಕುರುಹು ಇದೆಯಂತೆ. ಅವು ಯಾವ ಜಾತಿಯವೆಂದು ತಿಳಿಯುವುದು ಹೇಗೆ? ಕುರುಗೋಡಿನ ಗುಡ್ಡದಲ್ಲೇಕೆ ಸಿಗುವುದಿಲ್ಲ?

ಉತ್ತರ: ಬಳ್ಳಾರಿ, ಕುರುಗೋಡಿನ ಬಂಡೆಗುಡ್ಡಗಳು ಗ್ರಾನೈಟ್, ಶಿಲಾರಸ ನೆಲದಾಳದಲ್ಲಿ ಗಟ್ಟಿಯಾದದ್ದು. ಅಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ಸಂಡೂರು ಶಿಲಾಪಟ್ಟಿಯಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಸಮುದ್ರದ ಹೂಳು ಕಲ್ಲಾಗಿ ಉಳಿದಿದೆ. ಅಲ್ಲಿನ ಗುಮ್ಮಟದಾಕಾರದ ಪದರಗಲ್ಲುಗಳು, ಅಂದರೆ ಸೂಕ್ಷ್ಮಜೀವಿಗಳ ಹಾಸಿನಿಂದ ಆದವೆನ್ನುವ ಸ್ಟ್ರೊಮ್ಯಾಟೊಲೈಟ್‌ಗಳು 1984ರಲ್ಲಿ ವರದಿಯಾದವು. ಅದೇ ಪಟ್ಟಿಯ ದೋಣಿಮಲೈ ಶಿಲೆಗಳ ಸೂಕ್ಷ್ಮಜೀವಿಗಳನ್ನು 1990ರಲ್ಲಿ ವಿಜ್ಞಾನಿ ವೆಂಕಟಾಚಲ ಮತ್ತು ಸಂಗಡಿಗರು ವಿವರಿಸಿದರು. ಆದರೆ ಜಾತಿಯನ್ನು ಖಚಿತವಾಗಿ ಹೇಳಲಾಗದು ಎಂಬುದೇ ನನ್ನ ಅಭಿಪ್ರಾಯ. ಇಂಥ ಪದರ ಕಟ್ಟುವ ಇಂದಿನ ಸಯನೋಬ್ಯಾಕ್ಟೀರಿಯಾಗಳನ್ನು ವಂಶವಾಹಿ ನೋಡಿ ವಿಂಗಡಿಸುತ್ತಾರೆ. ಕಲ್ಲಿನಲ್ಲಿ ಉಳಿಯುವುದು ಗುಂಡು ಕೋಶ, ಎಳೆ, ಹೊರಕವಚಗಳ ಆಕಾರ, ಅಳತೆ ಅಷ್ಟೆ. ಸಂಬಂಧವಿಲ್ಲದ ಬ್ಯಾಕ್ಟೀರಿಯಾಗಳೂ ಅಂಥದೇ ಎಳೆಗಳಾಗುತ್ತವೆ. ಹಾಗಾಗಿ ಪಳೆಯುಳಿಕೆಗೆ ಇಟ್ಟ ಹೆಸರು ಆಕಾರದ ಹೆಸರು, ವಂಶದ್ದಲ್ಲ.

ಹಾಗಾದರೆ ಈ ರಚನೆ ಜೀವಿಯದೇ ಎನ್ನಲು ಆಧಾರವೇನು? ಆಕ್ಷೇಪ ನ್ಯಾಯವಾದದ್ದೇ: ಬರೀ ಖನಿಜ ಸಂಚಯದಿಂದಲೂ ಇಂಥ ಗುಮ್ಮಟಗಳು ಮೂಡಬಲ್ಲವೆಂದು ವಿಜ್ಞಾನಿಗಳಾದ ಗ್ರಾಟ್ಜಿಂಗರ್ ಮತ್ತು ರಾತ್‌ಮನ್ 1996ರಲ್ಲಿ ತೋರಿಸಿದರು. ಗುಮ್ಮಟವೊಂದನ್ನೇ ನಂಬುವಂತಿಲ್ಲ. ಕಲ್ಲಿನ ತೆಳು ಛೇದದಲ್ಲಿ ಕಾಣುವ ಸೂಕ್ಷ್ಮರಚನೆ ಹೆಚ್ಚು ಹೇಳುತ್ತದೆ: ಏರುಪೇರಾದ ಪದರ, ಕಡಿದಾದ ಇಳಿಜಾರಲ್ಲೂ ಜಾರದೆ ಅಂಟಿದ ಕಣ, ಹೆಣೆದ ಎಳೆಗಳ ಅಚ್ಚು. ಸುಣ್ಣದ ಅಂಶ ಮರುಸ್ಫಟಿಕವಾದಾಗ ಇವು ಅಳಿಸಿಹೋಗುತ್ತವೆ. ಬೇಗನೆ ಸಿಲಿಕ ತುಂಬಿದ ಚರ್ಟ್‌ನಲ್ಲಿ ಉಳಿಯುತ್ತವೆ. ಸಂಡೂರಿನ ಚರ್ಟ್ ಪದರಗಳ ಬೆಲೆ ಅಲ್ಲಿನ ಕಬ್ಬಿಣದ ಅದಿರಿಗಿಂತ ಕಡಿಮೆಯೇನಲ್ಲ.