ಏಳನೇ ಸುತ್ತಿನ ಸೋಲು

2024ರ ಏಪ್ರಿಲ್ 11. ಕೆನಡಾದ ಟೊರಾಂಟೊ ನಗರ. ಚೆಸ್ ಬೋರ್ಡಿನ ಮುಂದೆ ಕುಳಿತಿದ್ದ 17 ವರ್ಷದ ಹುಡುಗನ ಗಡಿಯಾರ ಓಡುತ್ತಿತ್ತು. 40 ನಡೆ ಮುಗಿಸಿದರೆ ಇನ್ನೂ ಅರ್ಧ ಗಂಟೆ ಸಿಗುತ್ತದೆ. ಅಷ್ಟರೊಳಗೆ ಸಮಯ ಮುಗಿದರೆ ಆಟವೇ ಮುಗಿದಂತೆ. ಇನ್ನೇನು ಒಂದೆರಡು ನಡೆ ಬಾಕಿ ಎನ್ನುವಾಗ ಅವಸರದಲ್ಲಿ ರಾಜನನ್ನು ತಪ್ಪು ಮನೆಗೆ ಇಟ್ಟ. ಎದುರಾಳಿ ಫ್ರಾನ್ಸ್‌ನ ಅಲಿರೇಝಾ ಫಿರೌಜಾ ಒಂದು ಪದಾತಿಯನ್ನು ಮುಂದೆ ತಳ್ಳಿದರು. ಅಲ್ಲಿಗೆ ಕಥೆ ಮುಗಿಯಿತು.

ಆ ಹುಡುಗ ಚೆನ್ನೈನ ಡಿ. ಗುಕೇಶ್. ಅಂದಿನವರೆಗೆ ಟೂರ್ನಿಯಲ್ಲಿ ಜಂಟಿಯಾಗಿ ಮುಂದಿದ್ದವರು ಒಂದೇ ನಡೆಯಿಂದ ಹಿಂದೆ ಬಿದ್ದಿದ್ದರು.

ಸೋಲು ಯಾರಿಗಿಲ್ಲ ಹೇಳಿ? ಆದರೆ ಇದು ಬೇರೆ ಟೂರ್ನಿಗಳಂತಲ್ಲ. ಇದು ಕ್ಯಾಂಡಿಡೇಟ್ಸ್. ವಿಶ್ವ ಚಾಂಪಿಯನ್ನನ ಎದುರು ಕೂತು ‘ನಿನ್ನ ಕಿರೀಟ ನನಗೆ ಬೇಕು’ ಎನ್ನುವ ಹಕ್ಕು ಯಾರಿಗೆ ಸಿಗಬೇಕು ಎಂಬುದನ್ನು ತೀರ್ಮಾನಿಸುವ ಕಣ. ಇಲ್ಲಿ ಎರಡನೇ ಸ್ಥಾನ ಬಂದವರಿಗೆ ಹಣ ಸಿಗುತ್ತದೆ, ಆ ಹಕ್ಕು ಮಾತ್ರ ಸಿಗುವುದಿಲ್ಲ.

ಚಾಂಪಿಯನ್ ಒಪ್ಪಿದರೆ ಮಾತ್ರ ಆಟ!

ಹಿಂದೆ ಇಂಥ ಟೂರ್ನಿಯೇ ಇರಲಿಲ್ಲ. ಯಾರ ಜೊತೆ ಆಡಬೇಕು, ಯಾವಾಗ ಆಡಬೇಕು, ಎಷ್ಟು ಹಣ ಇಡಬೇಕು ಎಂಬುದರಲ್ಲಿ ಚಾಂಪಿಯನ್ನನ ಮಾತೇ ನಡೆಯುತ್ತಿತ್ತು. ಜರ್ಮನಿಯ ಇಮ್ಯಾನುಯೆಲ್ ಲಾಸ್ಕರ್ 1894ರಿಂದ 1921ರವರೆಗೆ, ಅಂದರೆ 27 ವರ್ಷ, ಪಟ್ಟದಲ್ಲಿದ್ದರು.

ಅವರನ್ನು ಸೋಲಿಸಿದವರು ಕ್ಯೂಬಾದ ಕಾಪಾಬ್ಲಾಂಕಾ. ತಮಗೆ ಸವಾಲು ಹಾಕುವವರು 10,000 ಡಾಲರ್ ಹೊಂದಿಸಿ ತರಬೇಕೆಂಬ ಷರತ್ತು ಅವರ ಕಾಲದಲ್ಲಿತ್ತು. ಆ ಕಾಲಕ್ಕೆ ಅದು ದೊಡ್ಡ ಗಂಟು. ರಷ್ಯಾ ಮೂಲದ ಅಲೆಖೈನ್ ಹಾಗೂ ಹೀಗೂ ಹಣದ ಏರ್ಪಾಡು ಮಾಡಿಕೊಂಡು, 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಾಪಾಬ್ಲಾಂಕಾ ಅವರನ್ನು ಸೋಲಿಸಿಯೇಬಿಟ್ಟರು. ಕಾಪಾಬ್ಲಾಂಕಾ ಇನ್ನೊಮ್ಮೆ ಆಡೋಣ ಎಂದು ಕೇಳುತ್ತಲೇ ಇದ್ದರು. ಆ ಮರುಪಂದ್ಯ ನಡೆಯಲೇ ಇಲ್ಲ. 1942ರಲ್ಲಿ ಅವರು ತೀರಿಕೊಂಡರು.

1946ರಲ್ಲಿ ಅಲೆಖೈನ್ ಚಾಂಪಿಯನ್ ಆಗಿರುವಾಗಲೇ ತೀರಿಕೊಂಡಾಗ ಸಿಂಹಾಸನ ಖಾಲಿಯಾಯಿತು. ವಿಶ್ವ ಚೆಸ್ ಸಂಸ್ಥೆ ‘ಫಿಡೆ’ 1948ರಲ್ಲಿ ಐವರು ಆಟಗಾರರ ಪಂದ್ಯಾವಳಿ ನಡೆಸಿ ಹೊಸ ಚಾಂಪಿಯನ್ನನನ್ನು ಆರಿಸಿತು. 1950ರಲ್ಲಿ ಬುಡಾಪೆಸ್ಟ್‌ನಲ್ಲಿ ಮೊದಲ ಕ್ಯಾಂಡಿಡೇಟ್ಸ್ ಟೂರ್ನಿ ನಡೆಯಿತು. ಅಂದಿನಿಂದ ಸವಾಲು ಹಾಕುವ ಹಕ್ಕನ್ನು ಬೋರ್ಡಿನ ಮೇಲೆ ಗಳಿಸಬಹುದು ಎಂದಾಯಿತು. ಡಾಕ್ಟರ ಮನೆಯ ಹುಡುಗ ಚೆನ್ನೈನಿಂದ ಹೊರಟು ಚಾಂಪಿಯನ್ನನ ಎದುರು ಕೂರಲು ಸಾಧ್ಯವಾದದ್ದು ಹೀಗೆ.

ಗಾಜಿನಾಚೆ ಕಂಡ ಕನಸು

2013ರಲ್ಲಿ ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ಮತ್ತು ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ನಡುವೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ. ನೋಡಲು ಬಂದವರಲ್ಲಿ ಅದೇ ವರ್ಷ ಚೆಸ್ ಕಲಿತಿದ್ದ ಏಳು ವರ್ಷದ ಗುಕೇಶ್ ಕೂಡ ಇದ್ದ. ಗಾಜಿನ ಗೋಡೆಯಾಚೆ ಇಬ್ಬರು ದಿಗ್ಗಜರು. ಒಂದು ದಿನ ನಾನೂ ಆ ಗಾಜಿನೊಳಗೆ ಕೂರಬೇಕು ಎಂದು ಅಂದೇ ಆಸೆಪಟ್ಟ.

ಆಸೆಗೆ ಖರ್ಚೂ ಇರುತ್ತದೆ. ತಂದೆ ಕಿವಿ, ಮೂಗು, ಗಂಟಲು ತಜ್ಞ. ಮಗನ ಜೊತೆ ದೇಶ ದೇಶ ಸುತ್ತಲು ವೃತ್ತಿಯನ್ನೇ ಬದಿಗಿಟ್ಟರು. ಸೂಕ್ಷ್ಮಜೀವಿ ತಜ್ಞೆಯಾದ ತಾಯಿಯ ದುಡಿಮೆಯಲ್ಲಿ ಮನೆ ನಡೆಯಿತು. 2019ರ ಜನವರಿಯಲ್ಲಿ, 12 ವರ್ಷ 7 ತಿಂಗಳು 17 ದಿನಗಳ ವಯಸ್ಸಿಗೆ ಗುಕೇಶ್ ಗ್ರ್ಯಾಂಡ್‌ಮಾಸ್ಟರ್ ಆದರು. ಅಂದಿನ ವಿಶ್ವ ದಾಖಲೆ ತಪ್ಪಿದ್ದು ಬರೀ 17 ದಿನಗಳಿಂದ!

ಕ್ಯಾಂಡಿಡೇಟ್ಸ್‌ಗೆ ಸೀಟು ಸಿಕ್ಕಿದ್ದೂ ಸುಲಭವಾಗಿ ಅಲ್ಲ. 2023ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ನಡೆದ ಟೂರ್ನಿಯನ್ನು ಗೆದ್ದ ಮೇಲೆ, ವರ್ಷದ ಕೊನೆಯ ದಿನಗಳಲ್ಲಿ ಅವರ ಜಾಗ ಗಟ್ಟಿಯಾಯಿತು.

ಎಂಟು ಜನ, 14 ಆಟ

ಟೊರಾಂಟೊದಲ್ಲಿದ್ದದ್ದು ಎಂಟು ಮಂದಿ. ಭಾರತದಿಂದಲೇ ಗುಕೇಶ್, ಪ್ರಜ್ಞಾನಂದ, ವಿದಿತ್ ಗುಜರಾತಿ. ಅಮೆರಿಕದಿಂದ ಕರುವಾನಾ ಮತ್ತು ನಕಾಮುರ. ರಷ್ಯಾದ ನೆಪೊಮ್ನಿಯಾಚಿ, ಫ್ರಾನ್ಸ್‌ನ ಫಿರೌಜಾ, ಅಜರ್‌ಬೈಜಾನ್‌ನ ಅಬಾಸೊವ್. ಪ್ರತಿಯೊಬ್ಬರೂ ಉಳಿದ ಏಳು ಮಂದಿಯ ಜೊತೆ ಎರಡೆರಡು ಸಲ, ಒಮ್ಮೆ ಬಿಳಿ ಒಮ್ಮೆ ಕಪ್ಪು ಕಾಯಿ ಹಿಡಿದು ಆಡಬೇಕು. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ.

ಆ ಏಳನೇ ಸುತ್ತಿನ ಸೋಲು ಸರಿಯಾಗಿ ಟೂರ್ನಿಯ ಅರ್ಧದಲ್ಲಿ ಬಂತು. ಮಾರನೆಯ ದಿನ ವಿಶ್ರಾಂತಿ. ಆಮೇಲೆ ಎಂಟನೇ ಸುತ್ತಿನಲ್ಲಿ ಗುಕೇಶ್ ಕಪ್ಪು ಕಾಯಿಗಳಲ್ಲಿ ವಿದಿತ್ ಅವರನ್ನು ಸೋಲಿಸಿದರು. 12ನೇ ಸುತ್ತಿನಲ್ಲಿ ಅಬಾಸೊವ್ ವಿರುದ್ಧ ಗೆಲುವು. 13ನೇ ಸುತ್ತಿನಲ್ಲಿ ಎದುರು ಕೂತವರು ಅದೇ ಫಿರೌಜಾ. ಈ ಸಲ ಗೆದ್ದದ್ದು ಗುಕೇಶ್!

ಇಡೀ ಟೂರ್ನಿಯಲ್ಲಿ ಇದು ನನ್ನ ಸಮಯ ಎಂದು ಅನ್ನಿಸಿದ್ದು ಯಾವಾಗ ಎಂದು ಕೇಳಿದಾಗ ಗುಕೇಶ್ ನೆನೆದದ್ದು ಯಾವ ಗೆಲುವನ್ನೂ ಅಲ್ಲ, ಏಳನೇ ಸುತ್ತಿನ ಆ ಸೋಲಿನ ನಂತರದ ಹೊತ್ತನ್ನು. ಅಷ್ಟು ನೋವಾಗಿದ್ದರೂ ವಿಶ್ರಾಂತಿಯ ದಿನ ಮನಸ್ಸು ತಿಳಿಯಾಗಿತ್ತು, ಹೊಸ ಹುರುಪು ಬಂದಿತ್ತು ಎಂದರು.

ಅದೇ ಊರಿನಲ್ಲಿ, ಅದೇ ದಿನಗಳಲ್ಲಿ ಮಹಿಳೆಯರ ಕ್ಯಾಂಡಿಡೇಟ್ಸ್ ಕೂಡ ನಡೆಯಿತು. ಪ್ರಜ್ಞಾನಂದ ಅವರ ಅಕ್ಕ ವೈಶಾಲಿ ಸತತ ನಾಲ್ಕು ಆಟ ಸೋತರು. ಇನ್ನೊಬ್ಬರಾಗಿದ್ದರೆ ಸೂಟ್‌ಕೇಸ್ ಕಟ್ಟುವ ದಿನ ಎಣಿಸುತ್ತಿದ್ದರೇನೋ. ವೈಶಾಲಿ ಉಳಿದ ಐದಕ್ಕೆ ಐದೂ ಆಟ ಗೆದ್ದು ಜಂಟಿ ಎರಡನೇ ಸ್ಥಾನಕ್ಕೆ ಬಂದರು.

109 ನಡೆಗಳ ಕೊನೆಯ ಆಟ

ಕೊನೆಯ ಸುತ್ತು. ಗುಕೇಶ್ ಬಳಿ 8.5 ಅಂಕ. ಅರ್ಧ ಅಂಕ ಹಿಂದೆ ನಕಾಮುರ, ಕರುವಾನಾ, ನೆಪೊಮ್ನಿಯಾಚಿ. ಗುಕೇಶ್ ನಕಾಮುರ ಜೊತೆ ಡ್ರಾ ಮಾಡಿಕೊಂಡು 9 ಅಂಕ ತಲುಪಿದರು. ಆದರೆ ಪಕ್ಕದ ಬೋರ್ಡಿನಲ್ಲಿ ಕರುವಾನಾ ಮತ್ತು ನೆಪೊಮ್ನಿಯಾಚಿ ಇನ್ನೂ ಹೋರಾಡುತ್ತಿದ್ದರು. ಇಬ್ಬರಲ್ಲಿ ಯಾರೇ ಗೆದ್ದರೂ ಅವರಿಗೂ 9 ಅಂಕ, ಆಗ ಗುಕೇಶ್ ಜೊತೆ ಟೈಬ್ರೇಕ್.

ಕರುವಾನಾ ಗೆಲ್ಲುವ ಸ್ಥಿತಿಯಲ್ಲಿದ್ದರು. ಒಂದಲ್ಲ, ಹಲವು ಅವಕಾಶ ಕೈಜಾರಿದವು. ಆಟ ನೋಡುತ್ತಾ ಕೂರಲಾರದೆ ಗುಕೇಶ್ ತಮ್ಮ ತರಬೇತುದಾರ ಗಯೆವ್ಸ್ಕಿ ಜೊತೆ ಒಂದು ಸುತ್ತು ನಡೆದುಬರಲು ಹೋದರು. 109 ನಡೆಗಳ ನಂತರ ಆ ಆಟ ಡ್ರಾ! ನೆಪೊಮ್ನಿಯಾಚಿ ಎದುರಾಳಿಯ ಕ್ಷಮೆ ಕೇಳಿದರು. ತಪ್ಪು ನನ್ನದೇ ಎಂದರು ಕರುವಾನಾ. ಕೆಲವು ವರ್ಷ ಹಿಂದೆ ಈ ಇಬ್ಬರೂ ಕ್ಯಾಂಡಿಡೇಟ್ಸ್ ಗೆದ್ದಿದ್ದವರೇ. ಇಬ್ಬರಿಗೂ ವಿಶ್ವ ಕಿರೀಟ ಮಾತ್ರ ದಕ್ಕಿರಲಿಲ್ಲ. ಮತ್ತೊಂದು ಅವಕಾಶ ಅಂದು ಅಲ್ಲೇ ಕಳೆದುಹೋಗಿತ್ತು.

1984ರಲ್ಲಿ ಗ್ಯಾರಿ ಕ್ಯಾಸ್ಪರೋವ್ 20ನೇ ವಯಸ್ಸಿನಲ್ಲಿ ಸವಾಲು ಹಾಕುವ ಹಕ್ಕು ಗಳಿಸಿದ್ದೇ ದಾಖಲೆಯಾಗಿತ್ತು. 40 ವರ್ಷಗಳ ನಂತರ 17ರ ಗುಕೇಶ್ ಅದನ್ನು ಮುರಿದರು.

ಮೊದಲ ಆಟವೇ ಸೋಲು

ಅದೇ ವರ್ಷದ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ಚೀನಾದ ಚಾಂಪಿಯನ್ ಡಿಂಗ್ ಲಿರೆನ್ ಎದುರು ಗುಕೇಶ್ ಕುಳಿತರು. ಮೊದಲ ಆಟದಲ್ಲೇ, ಅದೂ ಬಿಳಿ ಕಾಯಿ ಹಿಡಿದು, ಸೋತರು. ಮೂರನೇ ಆಟದಲ್ಲಿ ಗೆದ್ದು ಸಮ ಮಾಡಿದರು. 11ನೇ ಆಟ ಗೆದ್ದು ಮುಂದೆ ಹೋದರು, 12ನೆಯದರಲ್ಲಿ ಮತ್ತೆ ಸೋತರು. ಡಿಸೆಂಬರ್ 12ರಂದು 14ನೇ ಆಟ. ಡ್ರಾ ಆಗುವಂತಿದ್ದ ಸ್ಥಿತಿಯಲ್ಲಿ 55ನೇ ನಡೆಗೆ ಡಿಂಗ್ ಆನೆಯನ್ನು ತಪ್ಪು ಮನೆಗೆ ಇಟ್ಟರು. ಏಪ್ರಿಲ್‌ನಲ್ಲಿ ಒಂದು ತಪ್ಪು ನಡೆಯಿಂದ ಸೋತ ಹುಡುಗ ಈಗ ಎದುರಾಳಿಯ ಒಂದು ತಪ್ಪು ನಡೆಯನ್ನು ಬಿಡಲಿಲ್ಲ. 7.5–6.5ರಿಂದ ಗೆದ್ದು, 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದರು.

ಡಿಂಗ್ ಕೈಕುಲುಕಿ ಎದ್ದುಹೋದರು. ಕಣ್ಣೀರು ಒರೆಸಿಕೊಳ್ಳುತ್ತಲೇ ಗುಕೇಶ್ ಒಂದು ಕೆಲಸ ಮಾಡಿದರು. ಬೋರ್ಡಿನ ಮೇಲಿನ ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮೊದಲ ಮನೆಗಳಲ್ಲಿ ಜೋಡಿಸಿಟ್ಟರು.

ಮಕ್ಕಳೇ, ಮುಂದಿನ ಸಲ ಆಟದಲ್ಲಿ ಸೋತು, ಬೋರ್ಡು ಮಗುಚಿ ಎದ್ದುಹೋಗಬೇಕು ಎನ್ನಿಸಿದರೆ ಇದೇ ಕೆಲಸ ಮಾಡಿ ನೋಡಿ. ಎದುರಿಗಿದ್ದವರ ಕೈಕುಲುಕಿ, ಕಾಯಿಗಳನ್ನು ಮೊದಲಿನಂತೆ ಜೋಡಿಸಿ. ಆಟ ಎಲ್ಲಿ ತಪ್ಪಿತು ಎಂದು ಹುಡುಕಲು ಅಪ್ಪನನ್ನೋ ಅಕ್ಕನನ್ನೋ ಜೊತೆಗೆ ಕೂರಿಸಿಕೊಳ್ಳಿ. ಮುಂದಿನ ಆಟಕ್ಕೂ ಬೋರ್ಡು ತಯಾರಾಗಿರುತ್ತದೆ!