ನಕ್ಷತ್ರ ನೋಡುವ ಮುನ್ನ ಅರ್ಧ ಗಂಟೆ ಕತ್ತಲು

ಚಳಿಗಾಲದ ಅಮಾವಾಸ್ಯೆಯ ಆಸುಪಾಸಿನಲ್ಲಿ ನಕ್ಷತ್ರ ನೋಡಲೆಂದು ಬೆಂಗಳೂರಿನಿಂದ ಮಾಗಡಿ ಕಡೆಗೆ ಹೊರಡುವ ಕುಟುಂಬಗಳು ಈಗ ಅಪರೂಪವಲ್ಲ. ಸಾವನದುರ್ಗದ ಬೆಟ್ಟವಿರುವುದು ಕಾಯ್ದಿಟ್ಟ ಅರಣ್ಯದಲ್ಲಿ. ರಾತ್ರಿ ಅದನ್ನು ಹತ್ತುವ ಮಾತು ಬೇಡವೇ ಬೇಡ. ಯಜಮಾನರ ಒಪ್ಪಿಗೆ ಪಡೆದು ಸುತ್ತಲಿನ ತೋಟದಲ್ಲೋ ಹೊಲದಲ್ಲೋ ಡೇರೆ ಹಾಕಬೇಕು. ವ್ಯಾನಿನಿಂದ ಇಳಿದ ಮಕ್ಕಳು ತಲೆಯೆತ್ತಿ ನೋಡುತ್ತಾರೆ, "ಇಷ್ಟೇನಾ?" ಎನ್ನುತ್ತಾರೆ. ಆಕಾಶದಲ್ಲೇನೂ ಕೊರತೆಯಿಲ್ಲ. ಅವರ ಕಣ್ಣು ಇನ್ನೂ ಊರಿನ ಬೆಳಕಿನಲ್ಲೇ ಇದೆ, ಅಷ್ಟೆ.

ಸಿನಿಮಾ ಶುರುವಾದ ಮೇಲೆ ಟಾಕೀಸಿನೊಳಗೆ ಹೋದರೆ ಸೀಟಿಗಾಗಿ ತಡಕಾಡುತ್ತೀರಿ. ಹತ್ತು ನಿಮಿಷ ಕಳೆದರೆ ಅಕ್ಕಪಕ್ಕದವರ ಮುಖವೂ ಕಾಣುತ್ತದೆ. ಕಾರಣವೇನು? ಕಣ್ಣಿನ ಅಕ್ಷಿಪಟಲದಲ್ಲಿ ಎರಡು ಬಗೆಯ ಜೀವಕೋಶಗಳಿವೆ. ಶಂಕುಕೋಶಗಳು ಸುಮಾರು 60 ಲಕ್ಷ. ಹಗಲಿನ ನೋಟ, ಬಣ್ಣ, ಓದು ಇವುಗಳ ಪಾಲು. ದಂಡಕೋಶಗಳು ಸುಮಾರು 12 ಕೋಟಿ. ಮಂದ ಬೆಳಕಿಗೆ ಇವೇ ಗತಿ. ಇವುಗಳಲ್ಲಿರುವ ರೊಡಾಪ್ಸಿನ್ ಎಂಬ ಬಣ್ಣದ ವಸ್ತು ಜೋರು ಬೆಳಕಿಗೆ ಒಡೆದುಹೋಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪಾಪೆ ಹಿಗ್ಗಲು ಕೆಲವು ಸೆಕೆಂಡು ಸಾಕು. ರೊಡಾಪ್ಸಿನ್ ತುಂಬಿಕೊಳ್ಳಲು 20ರಿಂದ 30 ನಿಮಿಷ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಆಗ ಕಣ್ಣು ಹಗಲಿಗಿಂತ ಸಾವಿರಾರು ಪಟ್ಟು ಸೂಕ್ಷ್ಮವಾಗಿರುತ್ತದೆ.

ಇಷ್ಟು ಕಾದು ಗಳಿಸಿದ್ದನ್ನು ಯಾರೋ ಒಬ್ಬರು ಮೊಬೈಲ್ ತೆರೆದು ಕ್ಷಣದಲ್ಲಿ ಕಳೆಯುತ್ತಾರೆ. ಮತ್ತೆ ಮೊದಲಿನಿಂದ ಕಾಯಬೇಕು. ದಂಡಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಟ್ಟುವುದಿಲ್ಲ. ಆದ್ದರಿಂದ ಟಾರ್ಚಿನ ಗಾಜಿಗೆ ಎರಡು ಮೂರು ಮಡಿಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ.

ನೋಟದ ನಟ್ಟನಡುವೆ ದಂಡಕೋಶಗಳೇ ಇಲ್ಲವೆಂಬುದು ಇನ್ನೊಂದು ವಿಚಿತ್ರ. ಮಂಕಾದ ವಸ್ತುವನ್ನು ದಿಟ್ಟಿಸಿ ನೋಡಿದರೆ ಅದು ಮಾಯವಾಗುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ. ಜನವರಿಯ ಸಂಜೆ ವಾಯವ್ಯದಲ್ಲಿರುವ ದೇವಯಾನಿ ಗೆಲಕ್ಸಿಯನ್ನು ಹೀಗೆ ಓರೆನೋಟದಲ್ಲೇ ಹಿಡಿಯಬೇಕು. ಸಾವನದುರ್ಗದಿಂದ ಪೂರ್ವಕ್ಕೆ ಬೆಂಗಳೂರಿನ ಬೆಳಕಿನ ಮಬ್ಬು ಇರುವುದರಿಂದ ಪಶ್ಚಿಮದ ಕಡೆಯೇ ವಾಸಿ. ಪುಸ್ತಕದ ಚಿತ್ರದಲ್ಲಿರುವ ಬಣ್ಣಗಳು ಅದರಲ್ಲಿ ಕಾಣುವುದಿಲ್ಲವೆಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ, ದಂಡಕೋಶಗಳಿಗೆ ಬಣ್ಣ ತಿಳಿಯದು. ಕನ್ನಡಕದವರು ಕನ್ನಡಕ ಮರೆಯಬಾರದು. ಮದುವೆಯಲ್ಲಿ ಹಾಡಹಗಲೇ ಅರುಂಧತಿ "ಕಂಡಿತು" ಎಂದು ತಲೆಯಾಡಿಸಿದವರು ಇಲ್ಲಿ ನಡುರಾತ್ರಿಯ ನಂತರ ಸಪ್ತರ್ಷಿಮಂಡಲ ಮೇಲೇರಿದಾಗ ನಿಜವಾಗಿ ನೋಡಬಹುದು! ವಸಿಷ್ಠನ ಪಕ್ಕದ ಆ ಚುಕ್ಕಿ ಬೇರೆಯಾಗಿ ಕಂಡರೆ ನಿಮ್ಮ ದೂರದೃಷ್ಟಿ ಚೆನ್ನಾಗಿದೆ.

ಈಗ ಮುಖ್ಯ ಮಾತು. ಅರ್ಧ ಗಂಟೆ ಕಳೆದ ಮೇಲೆ ಎಲ್ಲರೂ ಸರಾಗವಾಗಿ ಓಡಾಡುವಾಗ ಒಂದು ಮಗು ಮಾತ್ರ ಡೇರೆಯ ಹಗ್ಗಕ್ಕೆ ಎಡವುತ್ತಿದೆಯೇ? ಅಮ್ಮನ ಕೈ ಬಿಡುತ್ತಿಲ್ಲವೇ? ಪುಕ್ಕಲು ಎಂದು ನಗಬೇಡಿ. ಅದು ಇರುಳುಗುರುಡು ಇರಬಹುದು. ಟ್ಯೂಬ್‌ಲೈಟಿನ ಮನೆಯಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದ ಈ ತೊಂದರೆ ಇಂಥ ರಾತ್ರಿಯಲ್ಲಿ ತಾನಾಗಿ ಹೊರಬೀಳುತ್ತದೆ.

ರೊಡಾಪ್ಸಿನ್ ತಯಾರಾಗಲು 'ಎ' ಜೀವಸತ್ವ ಬೇಕು. ಅದು ಕಡಿಮೆಯಾದರೆ ಮೊದಲು ಕುಂದುವುದೇ ರಾತ್ರಿಯ ನೋಟ. ಬಳಿಕ ಕಣ್ಣು ಒಣಗಿ, ಬಿಳಿಭಾಗದಲ್ಲಿ ನೊರೆಯಂಥ ಕಲೆ ಕಾಣಿಸಿಕೊಳ್ಳಬಹುದು. ಉಪೇಕ್ಷಿಸಿದರೆ ಕಣ್ಣೇ ಹೋದೀತು. ಕಾಲಕ್ಕೆ ಸರಿಯಾಗಿ ಔಷಧಿ ಕೊಟ್ಟರೆ ಇದು ವಾಸಿಯಾಗುತ್ತದೆ. ನುಗ್ಗೆಸೊಪ್ಪು, ಹರಿವೆ, ಸಿಹಿಗುಂಬಳ, ಪರಂಗಿಹಣ್ಣು, ಹಾಲು, ಮೊಟ್ಟೆ ಊಟದಲ್ಲಿರಲಿ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಸರ್ಕಾರ ಕೊಡುವ 'ಎ' ಜೀವಸತ್ವದ 9 ಡೋಸುಗಳನ್ನು ತಪ್ಪಿಸಬೇಡಿ. ತಾವಾಗಿಯೇ ಅಂಗಡಿಯಿಂದ ಮಾತ್ರೆ ತಂದು ನುಂಗಿಸುವುದು ಬೇಡ, ಅದು ಹೆಚ್ಚಾದರೂ ವಿಷ.

ಚೆನ್ನಾಗಿ ಉಣ್ಣುವ ಮಕ್ಕಳಲ್ಲೂ ಇರುಳುಗುರುಡು ಕಂಡರೆ ಅಕ್ಷಿಪಟಲದ ವಂಶಪಾರಂಪರ್ಯ ಕಾಯಿಲೆಯ ಶಂಕೆ ಬರುತ್ತದೆ. ಸೋದರಮಾವ, ಅತ್ತೆಮಗಳು ಎಂದು ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಇದರ ಬಹುಪಾಲು ಬಗೆಗಳಿಗೆ ಪೂರ್ಣ ಚಿಕಿತ್ಸೆ ಇನ್ನೂ ಇಲ್ಲ. ಆದರೂ ಬೇಗ ತಿಳಿದರೆ ಓದು, ಉದ್ಯೋಗ, ವಾಹನ ಓಡಿಸುವುದರ ಬಗ್ಗೆ ಮೊದಲೇ ಯೋಚಿಸಬಹುದು. ದೊಡ್ಡವರಿಗೆ ಹೊಸದಾಗಿ ರಾತ್ರಿ ಕಾಣದಂತಾದರೆ ಕಣ್ಣಿನ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಗಳ ಪರೀಕ್ಷೆ ಮಾಡಿಸಿ.

ಕತ್ತಲನ್ನು ಕಾಪಾಡುವುದು ಕೂತಿರುವಾಗ ಮಾತ್ರ. ಮೂತ್ರಕ್ಕೆ ಏಳುವಾಗ ಕೆಂಪು ಕಾಗದ ತೆಗೆದು, ಪ್ರಖರ ಬೆಳಕು ನೆಲಕ್ಕೆ ಬಿಟ್ಟು, ಬೂಟು ಹಾಕಿಯೇ ನಡೆಯಿರಿ. ತರಗೆಲೆಯಲ್ಲಿ ಕೊಳಕುಮಂಡಲ ಇದ್ದರೆ ಕಾಣುವುದೇ ಇಲ್ಲ. ಮೈಮೇಲೆ ಬಿಳಿ ಪಟ್ಟಿಗಳಿರುವ ಕಟ್ಟುಹಾವು ಇನ್ನೂ ಮೋಸದ್ದು. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಡಿಯುತ್ತದೆ, ನೋವೂ ಅಷ್ಟಿರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬಂದು, ರೆಪ್ಪೆ ಜೋತು, ನುಂಗಲಾಗದಿದ್ದರೆ ಗ್ಯಾಸ್ ಎಂದು ಸುಮ್ಮನಿರಬೇಡಿ. ಜಿಪ್ ಪೂರ್ತಿ ಎಳೆದ ಡೇರೆಯಲ್ಲೋ, ಅಂಚುಗಳನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಸೊಳ್ಳೆಪರದೆಯಲ್ಲೋ ಮಲಗಿ. ಕಡಿದಿದ್ದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಕೂಡದು. ಉಂಗುರ, ಬಳೆ ತೆಗೆದು, ಕೈಯನ್ನೋ ಕಾಲನ್ನೋ ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ. ಮಾಗಡಿಯ ಸರ್ಕಾರಿ ಆಸ್ಪತ್ರೆ ಹತ್ತು ಹನ್ನೆರಡು ಕಿಲೋಮೀಟರಿನಲ್ಲೇ ಇದೆ. ಕರ್ನಾಟಕದಲ್ಲಿ 2024ರಿಂದ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು.

ಇಬ್ಬನಿಯಿಂದ ನೆಗಡಿ ಬರುವುದಿಲ್ಲ, ಅದು ವೈರಸ್ಸಿನ ಕೆಲಸ. ಆದರೆ ತಣ್ಣನೆಯ ಗಾಳಿ, ಬೆಂಕಿಯ ಹೊಗೆ ಎರಡೂ ಆಸ್ತಮಾ ಕೆರಳಿಸುತ್ತವೆ. ಇನ್‌ಹೇಲರ್ ಜೇಬಿನಲ್ಲೇ ಇರಲಿ. ಕಿವಿ ಮುಚ್ಚುವ ಟೋಪಿ, ಫ್ಲಾಸ್ಕಿನಲ್ಲಿ ಬಿಸಿ ಪಾನೀಯ ಸಾಕು. ಮದ್ಯ ಮೈ ಬಿಸಿಯಾದಂತೆ ಭ್ರಮೆ ಹುಟ್ಟಿಸಿ ಇದ್ದ ಶಾಖವನ್ನೂ ಕಳೆಯುತ್ತದೆ.

ಸಾವನದುರ್ಗದ ರುಚಿ ಹತ್ತಿದವರು ಲಡಾಖಿನ ಶೀತ ಮರುಭೂಮಿಯ ಹಾನ್ಲೆಗೆ ಹೋಗುವ ಕನಸು ಕಾಣುತ್ತಾರೆ. ಅಲ್ಲಿ ಬೆಂಗಳೂರಿನದೇ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಲೇಹ್‌ನಲ್ಲಿ ಕನಿಷ್ಠ ಎರಡು ದಿನ ಸುಧಾರಿಸಿಕೊಳ್ಳದೆ ಮೇಲೆ ಹೋಗಬೇಡಿ. ತಲೆನೋವು, ವಾಂತಿ ಶುರುವಾದರೆ ಇನ್ನೂ ಮೇಲಕ್ಕೇರದೆ ಅಲ್ಲೇ ನಿಲ್ಲಿ; ಹೆಚ್ಚಾದರೆ ಕೂಡಲೇ ಕೆಳಗಿಳಿಯಿರಿ. ಆಮ್ಲಜನಕ ಕಡಿಮೆಯಾದರೆ ದಂಡಕೋಶಗಳೂ ಮಂಕಾಗುತ್ತವೆ. ಹೃದಯ, ಶ್ವಾಸಕೋಶದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಟಿಕೆಟ್ ತೆಗೆಸಬಾರದು.

ಇನ್ನು ಮನೆಗೆ ಮರಳುವ ದಾರಿ. ರಾತ್ರಿಯೆಲ್ಲ ಎದ್ದಿದ್ದವರು ಬೆಳಗಿನ ಜಾವವೇ ಕಾರು ಹತ್ತುವುದು ಹಾವಿಗಿಂತ ಅಪಾಯ. ಕಿಟಕಿ ತೆರೆದರೂ ಹಾಡು ಹಾಕಿದರೂ ತೂಕಡಿಕೆ ನಿಲ್ಲದು. ಎರಡು ಗಂಟೆ ಡೇರೆಯಲ್ಲಿ ಮಲಗಿ, ತಿಂಡಿ ತಿಂದು, ಬಿಸಿಲೇರಿದ ಮೇಲೆ ಹೊರಡಿ.