ಮಾಳಿಗೆ ಮನೆ ಕೆಡವುವ ಮುನ್ನ



ಯುಗಾದಿ ಮುಗಿಯುತ್ತಿದ್ದಂತೆ ಕಲ್ಯಾಣದುರ್ಗ, ಹಿಂದೂಪುರ, ಮಡಕಶಿರಾ, ರಾಯದುರ್ಗದ ಸುತ್ತಿನ ಹಳ್ಳಿಗಳಲ್ಲಿ ಒಂದು ಮಾತು ಪ್ರತಿ ವರ್ಷ ಕೇಳಿಬರುತ್ತದೆ: "ಹಳೇ ಮಾಳಿಗೆ ಸೋರ್ತಾ ಇದೆ, ಮಳೆಗಾಲಕ್ಕೆ ಮುಂಚೆ ಕೆಡವಿ ಆರ್‌ಸಿಸಿ ಹಾಕಿಬಿಡೋಣ." ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹಣ ಕಳಿಸುತ್ತಾರೆ, ಹೊಸ ಮನೆ ಏಳುತ್ತದೆ. ಮುಂದಿನ ಬೇಸಿಗೆಗೆ ಊರಿಗೆ ಹೋಗಿ ನೋಡಿದರೆ ಅಜ್ಜಿ ಚಾಪೆ ಎತ್ತಿಕೊಂಡು ಹೊರಗಿನ ಜಗುಲಿಗೆ ಬಂದಿರುತ್ತಾರೆ. ಒಳಗೆ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತಿರುತ್ತದೆ.

ಮನೆ ಕಟ್ಟುವುದು ಜೀವನದಲ್ಲಿ ಒಂದು ಸಲ. ಆದ್ದರಿಂದ ಹಳೆಯ ಮನೆ ಯಾಕೆ ತಂಪಾಗಿತ್ತು, ಅದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇವೆ.

ಮೊದಲು ಮೇಲೆ ನೋಡಿ

ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ನಮ್ಮೂರುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಅಂದರೆ ಬೇಸಿಗೆಯ ಬಿಸಿಲು ಹೆಚ್ಚಾಗಿ ಬೀಳುವುದು ಗೋಡೆಗಲ್ಲ, ಮಾಳಿಗೆಗೆ. ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿಯಲ್ಲಿ ಆ ಶಾಖ ಮೂರ್ನಾಲ್ಕು ಗಂಟೆಯಲ್ಲಿ ಒಳಮೈಗೆ ಇಳಿಯುತ್ತದೆ. ಹೊರಗೆ ಸಂಜೆಯ ಗಾಳಿ ತಂಪಾಗುತ್ತಿದ್ದರೂ ತಾರಸಿ ಕೋಣೆಯೊಳಕ್ಕೆ ಕಾವು ಬಿಡುತ್ತಲೇ ಇರುತ್ತದೆ.

ಹಳೆಯ ಮಾಳಿಗೆಯ ಲೆಕ್ಕವೇ ಬೇರೆ. ತೊಲೆಗಳ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆ ಸೀಳು, ಸೊಪ್ಪುಸದೆ, ಅದರ ಮೇಲೆ ಒಂದಡಿಯಷ್ಟು ಮಣ್ಣು, ಕೊನೆಗೆ ಚೌಳು ಮಣ್ಣಿನ ಪದರ. ಇಷ್ಟು ದಪ್ಪದ ಮಣ್ಣು ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಅದು ಕೆಳಗೆ ಮುಟ್ಟುವ ಹೊತ್ತಿಗೆ ರಾತ್ರಿಯಾಗಿ, ಹೊರಗಿನ ಗಾಳಿ ತಂಪಾಗಿರುತ್ತದೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಮಾಡುವುದೂ ಇದೇ ಕೆಲಸ. ಗವಾಕ್ಷಿ ಬೆಳಕು ಕೊಡುವುದರ ಜೊತೆಗೆ ಮೇಲೇರಿದ ಬಿಸಿಗಾಳಿಯನ್ನು ಹೊರಗೆ ಕಳಿಸುತ್ತಿತ್ತು.

ಚೌಳು ಮಣ್ಣೇ ಯಾಕೆ? ಬೆಳೆಗೆ ಬಾರದ ಈ ಮಣ್ಣಿನಲ್ಲಿ ಸೋಡಿಯಂ ಲವಣ ಹೆಚ್ಚು. ಮಳೆ ಬಿದ್ದಾಗ ಅದರ ಜಿಗುಟು ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿ ನೀರು ಕೆಳಗಿಳಿಯದಂತೆ ತಡೆಯುತ್ತವೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರವಾದದ್ದು ಹೀಗೆ.

ಹಾಗಾದರೆ ಜನ ಅದನ್ನು ಬಿಟ್ಟದ್ದೇಕೆ? ತಪ್ಪು ಜನರದ್ದಲ್ಲ. ಒಂದಡಿ ಮಣ್ಣೆಂದರೆ ಒಂದು ಚದರ ಮೀಟರಿಗೆ ಸುಮಾರು ಅರ್ಧ ಟನ್ನು ಭಾರ. ಅದನ್ನು ಹೊರುವ ತೊಲೆ ಈಗ ದುಬಾರಿ. ಗೆದ್ದಲು ಹಿಡಿದರೆ ಅಪಾಯ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಚೌಳು ಹೊತ್ತು ಹಾಕುವ ಆಳುಗಳು ಸಿಗುವುದಿಲ್ಲ. ಆದ್ದರಿಂದ ಹಳೆಯ ಮಾಳಿಗೆಯನ್ನು ಹಾಗೇ ಮತ್ತೆ ಕಟ್ಟಿ ಎಂದು ಹೇಳುತ್ತಿಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಹೊಸ ಮನೆಯೂ ಮಾಡಲಿ ಎನ್ನುತ್ತಿದ್ದೇವೆ.

ಈಗ ಏನು ಮಾಡಬಹುದು?

1. ಗೋಡೆ ಗಟ್ಟಿಯಿದ್ದರೆ ಕೆಡವಬೇಡಿ. ಬಹಳಷ್ಟು ಮನೆಗಳಲ್ಲಿ ಹಾಳಾಗಿರುವುದು ಮಾಳಿಗೆ ಮಾತ್ರ. ಮೇಲಿನ ಭಾರ ಇಳಿಸಿ, ಗೋಡೆಯ ಮೇಲೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಿ, ಹಗುರವಾದ ಹೊಸ ಚಾವಣಿ ಕೂರಿಸಲು ಬರುತ್ತದೆಯೇ ಎಂದು ಎಂಜಿನಿಯರಿಗೆ ಮೊದಲು ತೋರಿಸಿ. ಗಟ್ಟಿಯಿರುವ ತೊಲೆ, ಕಂಬ, ಬಾಗಿಲುವಾಡಗಳನ್ನು ಮಾರಿಬಿಡಬೇಡಿ.

2. ಹೊಸ ಗೋಡೆಗೆ ನಿಮ್ಮ ಮಣ್ಣೇ ಸಾಕಾಗಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಘಟಕ ನಮ್ಮ ಮನೆಗಳಿಗೆ ಅಸ್ತ್ರ ಒಲೆಯಿಂದ ಪರಿಚಿತ. ಮಣ್ಣಿನ ಒತ್ತಿಟ್ಟಿಗೆಯ ಬಗ್ಗೆಯೂ ದೀರ್ಘಕಾಲ ಕೆಲಸ ಮಾಡಿದ್ದು ಇದೇ ಘಟಕ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ನೂರಕ್ಕೆ 6ರಿಂದ 8 ಪಾಲು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವೇ ಇಲ್ಲ. ಇದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸುಟ್ಟ ಇಟ್ಟಿಗೆಗೆ ಬೇಕಾಗುವ ಇಂಧನಶಕ್ತಿಯ ಸುಮಾರು ಕಾಲು ಭಾಗ ಇದಕ್ಕೆ ಸಾಕು. ಎರೆ ಮಣ್ಣು ಮಾತ್ರ ಹಾಗೇ ಬಳಸಲು ಬಾರದು, ಒಣಗಿದಾಗ ಬಿರಿಯುತ್ತದೆ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಒಂದು ದಿನ ಬಿಟ್ಟರೆ ಮರಳೆಷ್ಟು, ಜೇಡಿಯೆಷ್ಟು ಎಂದು ಅಂದಾಜು ಸಿಗುತ್ತದೆ. ಇಟ್ಟಿಗೆ ಕೊಳ್ಳುವುದಾದರೆ ಐಎಸ್ 1725 ಮಾನಕಕ್ಕೆ ತಕ್ಕದ್ದೇ ಎಂದು ಕೇಳಿ.

ಮಣ್ಣಿನ ಗೋಡೆಗೆ ಶತ್ರು ನೀರು. ಒಂದೂವರೆ ಎರಡು ಅಡಿ ಎತ್ತರದ ಕಲ್ಲಿನ ತಳಪಾಯ, ಮುಂದಕ್ಕೆ ಚಾಚಿದ ಚಾವಣಿ ಇವೆರಡೂ ಇರಲೇಬೇಕು.

3. ತಾರಸಿ ಹಾಕಿದರೂ ಬಿಸಿಲಿಗೆ ಬರಿಮೈ ಬಿಡಬೇಡಿ. ಕೇರಳದಲ್ಲಿ ಲಾರಿ ಬೇಕರ್ ಬಳಕೆಗೆ ತಂದ ವಿಧಾನದಲ್ಲಿ ತಾರಸಿಯ ಕೆಳಭಾಗದ ಕಂಬಿಗಳ ನಡುವೆ ಮಂಗಳೂರು ಹೆಂಚುಗಳನ್ನು ಇಟ್ಟು ಕಾಂಕ್ರೀಟ್ ಸುರಿಯುತ್ತಾರೆ. ಸಿಮೆಂಟು ಉಳಿಯುತ್ತದೆ, ಶಾಖ ಇಳಿಯುವುದೂ ತಗ್ಗುತ್ತದೆ. ತಾರಸಿಯ ಮೇಲೆ ಸುಣ್ಣ ಬಳಿದರೆ ಅಥವಾ ಬಿಳಿ ಟೈಲ್ಸ್ ಚೂರು ಕೂರಿಸಿದರೆ ಬಿಸಿಲಿನ ಹೆಚ್ಚು ಪಾಲು ವಾಪಸ್ಸು ಹೋಗುತ್ತದೆ. ನಮ್ಮ ಕಡೆ ಸುಲಭವಾಗಿ ಸಿಗುವ ಕಲ್ಲು ಚಪ್ಪಡಿಯ ಚಾವಣಿಗೂ ಇದೇ ಮಾತು: ಕಲ್ಲು ಗಟ್ಟಿ, ಆದರೆ ಬೇಗ ಕಾಯುತ್ತದೆ. ಮೇಲೊಂದು ಹೊದಿಕೆ ಬೇಕು.

4. ಉದ್ದ ಗೋಡೆಗಳು ಉತ್ತರ, ದಕ್ಷಿಣಕ್ಕಿರಲಿ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲು ಪೂರ್ವ, ಪಶ್ಚಿಮದ ಗೋಡೆಗೆ ಬಡಿಯುತ್ತದೆ. ಪಶ್ಚಿಮಕ್ಕೆ ಪಡಸಾಲೆಯೋ, ಉಗ್ರಾಣವೋ, ಒಂದು ಬೇವಿನ ಮರವೋ ಇದ್ದರೆ ಮಲಗುವ ಕೋಣೆ ತಂಪಾಗಿರುತ್ತದೆ. ಎದುರುಬದುರು ಕಿಟಕಿ ಇರಲಿ. ರಾತ್ರಿ ತೆರೆಯಿರಿ, ಹಗಲು ಹತ್ತು ಗಂಟೆಯ ನಂತರ ಮುಚ್ಚಿ.

5. ನೀರು. ಅನಂತಪುರ ಸೀಮೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ. ಕಡಿಮೆಯೇ. ಆದರೂ 100 ಚದರ ಮೀಟರ್ ಚಾವಣಿಯಿಂದ, ಪೋಲಾದದ್ದು ಕಳೆದು, 40 ಸಾವಿರ ಲೀಟರಿಗೂ ಹೆಚ್ಚು ಸಿಗುತ್ತದೆ. ಪಾಯ ತೋಡುವಾಗಲೇ ತೊಟ್ಟಿಗೂ ಗುಂಡಿ ತೋಡಿಸಿದರೆ ಖರ್ಚು ಕಡಿಮೆ.

6. ಕರೆಂಟು ಕೊನೆಗೆ. ಮನೆ ತಂಪಾಗಿದ್ದರೆ ಕಡಿಮೆ ಸೋಲಾರ್ ಸಾಕು. 1 ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ 2 ಕಿಲೋವ್ಯಾಟ್‌ಗೆ 60,000 ರೂ., 3 ಮತ್ತು ಅದಕ್ಕೂ ಹೆಚ್ಚಿನದಕ್ಕೆ 78,000 ರೂ. ಎಂದು ನಿಗದಿಯಾಯಿತು. ಒಂದು ಎಚ್ಚರಿಕೆ: ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಹಿರಿಯರ ಕೋಣೆಯ ಫ್ಯಾನಿಗಾದರೂ ಬ್ಯಾಟರಿ ಇರಲಿ. ಹೊಸ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು, ಹಳೆಯದಕ್ಕೆ 75 ಬೇಕು.

ಮನೆಯ ಜೊತೆ ಮಾತೂ

ಇನ್ನೊಂದು ವಿಷಯ. ಮೇಸ್ತ್ರಿಯ ಹತ್ತಿರ ನಾವು "ಮಿದ್ದೆ" ಎನ್ನುತ್ತೇವೆ, ಮನೆಯಲ್ಲಿ "ಮಾಳಿಗೆ" ಎನ್ನುತ್ತೇವೆ. ಎರಡೂ ನಮ್ಮವೇ. ಆದರೆ ಜಂತೆ, ಗವಾಕ್ಷಿ, ಪಡಸಾಲೆ, ಹಗೇವು ಎಂಬ ಮಾತುಗಳು ಆ ವಸ್ತುಗಳು ಇರುವ ತನಕ ಮಾತ್ರ ಮಕ್ಕಳ ಬಾಯಲ್ಲಿ ಉಳಿಯುತ್ತವೆ. ಗಡಿಯಲ್ಲಿರುವ ನಮಗೆ ಇದು ಸಣ್ಣ ನಷ್ಟವಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಹಳೆಯ ಮನೆ ಕೆಡವಲೇಬೇಕಾಗಿ ಬಂದರೆ, ಅದಕ್ಕೆ ಮುಂಚೆ ಒಂದು ದಿನ ಟೇಪು ಹಿಡಿದು ಗೋಡೆ, ಮಾಳಿಗೆಗಳ ದಪ್ಪ ಅಳೆಯಿರಿ, ನಾಲ್ಕು ಫೋಟೋ ತೆಗೆಯಿರಿ, ಯಾವ ಭಾಗಕ್ಕೆ ಏನೆನ್ನುತ್ತಿದ್ದರು ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. ಸಂಘದ ಮುಂದಿನ ಸಭೆಗೆ ಬರುವಾಗ ಅದನ್ನು ತನ್ನಿ. ಹೊಸ ಮನೆಯ ನಕ್ಷೆ ತಯಾರಾಗಿದ್ದರೆ ಅದನ್ನೂ ತನ್ನಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲರೂ ಕೂತು ನೋಡೋಣ.